ಅತ್ತೆಯ ರಕ್ತದಲ್ಲಿದ್ದ ಪೊಲೀಸ್ ಠಾಣೆ

ನನ್ನ ಸೋದರತ್ತೆಯನ್ನು ಕಂಡರೆ ರೋಗಗಳೇ ದಾರಿ ಬದಲಿಸುತ್ತಿದ್ದವು! ಹಾಗೆಂದವರು ಯಾರು ಅಂದಿರಾ? ಸ್ವತಃ ಅತ್ತೆಯೇ! ಚಿಕ್ಕಂದಿನಲ್ಲಿ ಸಿಡುಬು ಬಂದು ಅವರ ಒಂದು ಕಣ್ಣನ್ನೂ ಮುಖದ ನುಣುಪನ್ನೂ ಕೊಂಡೊಯ್ದಿತ್ತು. ಮದುವೆಯೂ ಆಗಲಿಲ್ಲ. ಬೇರೆಯವರಾಗಿದ್ದರೆ ಹಣೆಬರಹ ಎಂದು ಅಳುತ್ತಿದ್ದರು. ಅತ್ತೆ ಮಾತ್ರ ಆ ಕಲೆಗಳನ್ನು ಮೆಡಲುಗಳಂತೆ ತೋರಿಸುತ್ತಿದ್ದರು.

"ಒಂದ್ಸಲ ಬಂದ್ರೆ ಮತ್ತೆ ಬರಕಿಲ್ಲ ಕಣ್ಲಾ. ನನ್ನ ರಕ್ತದಾಗೆ ಪೊಲೀಸ್ ಠಾಣೆ ಐತೆ. ಕಳ್ಳನ ಮುಖ ನೋಡವ್ರೆ. ಹೊಸ್ತಿಲು ದಾಟಿದ್ರೆ ಹಿಡ್ದು ಬಡೀತಾರೆ!"

ಈ ಠಾಣೆಯ ಧೈರ್ಯದ ಮೇಲೆ ಅಮೃತೂರಿನಿಂದ ಗುಬ್ಬಿಯವರೆಗೆ ಎಲ್ಲಿ ಸಿಡುಬೆದ್ದರೂ ಅತ್ತೆ ಹಾಜರು. ಹೆತ್ತವರೇ ಹೆದರುವ ಕೋಣೆಗೆ ನುಗ್ಗಿ, ಬೇವಿನಸೊಪ್ಪು ಹಾಸಿ, ಗಂಜಿ ಕುಡಿಸುತ್ತಿದ್ದರು. ಉಳಿಯದವರ ಕಣ್ಣನ್ನು ಮುಚ್ಚುತ್ತಿದ್ದವರೂ ಅವರೇ. ಗುಬ್ಬಿಯ ಒಂದು ಮನೆಯಲ್ಲಿ ಹೆಣಕ್ಕೆ ಹೆಗಲು ಕೊಡಲು ಯಾರೂ ಬರಲಿಲ್ಲವಂತೆ. "ಬನ್ರೋ, ಸತ್ತೋನು ಕಚ್ಚಕಿಲ್ಲ!" ಎಂದು ತಾವೇ ಒಂದು ತುದಿ ಹಿಡಿದರಂತೆ.

ಕುಣಿಗಲ್ಲಿನಿಂದ ತುಮಕೂರಿಗೆ ಬರುವ ಬಸ್ಸಿನಲ್ಲಿ ಎಂದಾದರೂ ಸೀಟು ಸಿಕ್ಕಿದ್ದುಂಟೇ? ಅತ್ತೆಗೆ ಸಿಗುತ್ತಿತ್ತು. "ಸಿಡುಬಿನಮ್ಮ ಆಗಿರೋ ಮನೆಯಿಂದ ಬರ್ತಿವ್ನಿ, ವಸಿ ಸರ್ಕೊಳಪ್ಪ" ಎಂದರೆ ಸಾಕು, ಮೂರು ಸಾಲು ಖಾಲಿ!

ಆಮೇಲೆ ಸರ್ಕಾರದವರು ಊರೂರು ತಿರುಗಿ ಸಿಡುಬಿನ ಲಸಿಕೆ, ಅಂದರೆ ದಾಕು, ಹಾಕಿದರು, ಸಿಡುಬು ಕಾಣೆಯಾಯಿತು. ಅತ್ತೆಗೆ ಬೇಜಾರು. "ಠಾಣೆ ಐತೆ, ಕಳ್ರೇ ಇಲ್ವಲ್ಲೋ!"

ಎಪ್ಪತ್ತರ ದಶಕದಲ್ಲಿ ತುಮಕೂರಿನ ನಮ್ಮ ಮನೆಯಲ್ಲಿ ನನಗೆ ಮೈತುಂಬ ಸೀತಾಳೆ ಸಿಡುಬಿನ ಗುಳ್ಳೆಗಳೆದ್ದವು. ಅವ್ವ ತುಂಬಿದ ಬಸುರಿ, ಹತ್ತಿರ ಬರುವಂತಿರಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಅತ್ತೆ ಬಂದಿಳಿದರು. ನನ್ನನ್ನು ನೋಡಲು ಬಂದ ಡಾಕ್ಟರು ಅತ್ತೆಯನ್ನು ಜಗಲಿಗೆ ಕರೆದು ಏನೋ ಪಿಸುಗುಟ್ಟಿದರು.

"ಏನಂತೆ ಅತ್ತೆ?"

"ನನ್ನ ಠಾಣೆ ಕಂಡು ಬೆರಗಾದ್ರು ಕಣೋ!"

ಕೆರೆದುಕೊಳ್ಳದಂತೆ ನನ್ನ ಕೈಗಳಿಗೆ ಹಳೇ ಸೀರೆಯ ಚೂರು ಸುತ್ತಿದರು. ಅವ್ವ ಕಿಟಕಿಯಲ್ಲಿ ಅಳುತ್ತಾ ನಿಂತರೆ, "ಹೋಗವ್ವ, ಇಲ್ಲಿ ನಾನಿಲ್ವಾ?" ಎಂದು ಗದರಿ ಓಡಿಸುತ್ತಿದ್ದರು.

ನಾನು ಎದ್ದೆ, ಅತ್ತೆ ಮಲಗಿದರು. ಅದೇ ಗುಳ್ಳೆಗಳು! ಆ ವಯಸ್ಸಿಗೆ ರೋಗ ಶ್ವಾಸಕೋಶಕ್ಕಿಳಿಯಿತು. ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡಿ ಹೋಗಿಬಿಟ್ಟರು.

"ಸಿಡುಬೇ ಬೇರೆ, ಇದೇ ಬೇರೆ," ಎಂದರು ಡಾಕ್ಟರು ಅಪ್ಪನಿಗೆ. "ಅದನ್ನ ತಡೆಯೋ ಶಕ್ತಿ ಇದನ್ನ ತಡೆಯಲ್ಲ. ಮೊದಲನೇ ದಿನವೇ ಅವರಿಗೆ ಹೇಳಿದ್ದೆ."

"ನಮಗ್ಯಾಕೆ ಹೇಳ್ಲಿಲ್ಲ ಸ್ವಾಮಿ?"

"ಅವರೇ ಬೇಡ ಅಂದ್ರು. 'ನಾನು ಎದ್ದೋದ್ರೆ ಬಸುರಿ ಒಳಕ್ಕೆ ಬಂದ್ಬುಡ್ತಾಳೆ, ಸುಮ್ಕಿರಿ' ಅಂದ್ರು."

ಅವ್ವನಿಗೆ ಹೆಣ್ಣುಮಗು ಹುಟ್ಟಿತು, ಗುಂಡುಕಲ್ಲಿನಂತೆ. ಎಂಬತ್ತರ ದಶಕದಲ್ಲಿ ಆ ತಂಗಿಗೂ ಸೀತಾಳೆ ಬಂತು. ಪಕ್ಕದಲ್ಲಿ ಕೂತು ಬೇವಿನಸೊಪ್ಪು ಬೀಸುತ್ತಿದ್ದೆ.

"ಅಣ್ಣ, ನಿಂಗೆ ಅಂಟಲ್ವಾ?"

"ನನ್ನ ರಕ್ತದಲ್ಲಿ ಪೊಲೀಸ್ ಠಾಣೆ ಇದೆ ಕಣೇ."

"ಸುಳ್ಳು!" ಎಂದು ನಕ್ಕಳು.

"ನನ್ನದು ನಿಜ ಕಣೇ," ಎಂದೆ. "ಠಾಣೆ ಇಲ್ಲದೇನೇ ಒಳಗೆ ಬಂದು ಕೂತಿದ್ದು ನಮ್ಮ ಅತ್ತೆ." ಬೇವಿನ ಕಡ್ಡಿ ಕೈಯಲ್ಲೇ ಹಿಡಿದು ಅತ್ತುಬಿಟ್ಟೆ.