ನಮ್ಮ ಅಳಿಯನನ್ನು ಎಲ್ಲರೆದುರೇ ವಿಚಾರಿಸಿ

ಭಯೋತ್ಪಾದನಾ ಪ್ರಕರಣಗಳ ವಿಶೇಷ ಮಂಡಳಿಯ ಘನ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕಚೇರಿಯ ಬಾಗಿಲು, ಬೀಗಗಳೂ ಕ್ಷೇಮವೆಂದು ಕಾವಲಿನವರಿಂದ ತಿಳಿದು ಸಂತೋಷವಾಯಿತು. ಯಜಮಾನರು ತೀರಿಕೊಂಡ ಮೇಲೆ ನೀರಿನ ಟ್ಯಾಂಕು ತೊಳೆಸುವ ನಮ್ಮ ಕಸುಬನ್ನು ಒಬ್ಬಳೇ ನಿಂತು ನಡೆಸಿಕೊಂಡು ಬಂದವಳು ನಾನು. ಹೈಸ್ಕೂಲು ಓದಿದ್ದೇನೆ, ಆದ್ದರಿಂದ ಈ ಪತ್ರವನ್ನು ಯಾರ ಕೈಲೂ ತಿದ್ದಿಸಿಲ್ಲ.

ತಾವು ಭಯೋತ್ಪಾದಕನೆಂಬ ಅನುಮಾನದ ಮೇಲೆ ಹಿಡಿದಿಟ್ಟಿರುವುದು ನನ್ನ ಹಿರಿಯ ಅಳಿಯನನ್ನು. ನಮ್ಮ ಕೆಲಸದವರು ಕಟ್ಟಡಗಳನ್ನು ಗುರುತಿಸುವುದು ಬಾಗಿಲಿನಿಂದಲ್ಲ, ತಾರಸಿಯ ಟ್ಯಾಂಕಿನಿಂದ. ಅವತ್ತು ನಮಗೆ ಕೆಲಸ ಒಪ್ಪಿಸಿದ್ದ ವಸತಿಗೃಹದವರು ಹೇಳದೆ ಕೇಳದೆ ತಮ್ಮ ನೀಲಿ ಟ್ಯಾಂಕುಗಳನ್ನು ತೆಗೆಸಿ ಕಪ್ಪು ಹಾಕಿಸಿದ್ದರಿಂದ, ಈ ಮಹಾನುಭಾವ ಗಿಡ್ಡ ಗೋಡೆ ದಾಟಿ, ನೀಲಿ ಟ್ಯಾಂಕು ಕಂಡ ಪಕ್ಕದ ತಾರಸಿಗೆ ಇಳಿದು, ಪೊಲೀಸ್ ಮುಖ್ಯ ಕಚೇರಿಯ ಟ್ಯಾಂಕನ್ನು ಬಿಟ್ಟಿಯಾಗಿ ತೊಳೆದಿದ್ದಾನೆ. ಹಗ್ಗ, ಟಾರ್ಚು, ಮೂಗಿಗೆ ಬಟ್ಟೆ, ಚೀಲದ ತುಂಬ ಬ್ಲೀಚಿಂಗ್ ಪುಡಿ: ನಾನೇ ಪೊಲೀಸಾಗಿದ್ದರೂ ಹಿಡಿಯುತ್ತಿದ್ದೆ. ಮುಚ್ಚಳದಡಿ ಸಂಸಾರ ಹೂಡಿದ್ದ ಹಲ್ಲಿಗಳನ್ನು ಓಡಿಸಿದ್ದನ್ನು ನೀರಿಗೆ ವಿಷ ಹಾಕುವ ಸಂಚೆಂದು ಬರೆದವರ ಕಲ್ಪನಾಶಕ್ತಿಗೂ ಕೈಮುಗಿಯುತ್ತೇನೆ.

ನನ್ನ ದೂರು ಬೇರೆ. ಅವನನ್ನು ನಮ್ಮ ಬೀದಿ ತುದಿಯ ಸಾಮಾನ್ಯ ಕೋರ್ಟಿಗೆ ಕಳಿಸಬೇಕೋ, ತಮ್ಮ ಮುಚ್ಚಿದ ಕೋಣೆಯಲ್ಲೇ ವಿಚಾರಿಸಬೇಕೋ ಎಂದು ತಾವು ಸೋಮವಾರ ತೀರ್ಮಾನಿಸುವಿರಂತೆ. ತಮ್ಮಲ್ಲಿ ಸಾಕ್ಷಿ ಪರದೆಯ ಹಿಂದೆ, ಪುರಾವೆ ಲಕೋಟೆಯ ಒಳಗೆ. ನಮ್ಮ ವಕೀಲರಿಗೂ ಲಕೋಟೆಯ ಹೊರಮೈ ಮಾತ್ರ ತೋರಿಸುತ್ತಾರಂತೆ. ಬ್ಲೀಚಿಂಗ್ ಪುಡಿ ಈಗ ದೇಶದ ರಹಸ್ಯವಂತೆ. ಮೂಲೆಯಂಗಡಿಯವನು ಅದನ್ನು ಇನ್ನೂ ಬಾಗಿಲಲ್ಲೇ ರಾಶಿ ಹಾಕಿ ಮಾರುತ್ತಿದ್ದಾನೆ, ದಯಮಾಡಿ ಎಚ್ಚರಿಸಿ.

"ಎಲ್ಲಾದ್ರೂ ವಿಚಾರಿಸ್ಲಿ ಬಿಡಮ್ಮಾ, ಬಿಟ್ಟು ಕಳ್ಸಿದ್ರೆ ಸಾಕು" ಎಂದು ಮಗಳು ಅಳುತ್ತಾಳೆ. ಸಾಲದು. ಮುಚ್ಚಿದ ಕೋಣೆಯವರು ಬಿಟ್ಟು ಕಳಿಸಿದವನನ್ನು ಬೀದಿಯವರು ಬಿಡುವುದಿಲ್ಲ. ಎದುರುಮನೆಯಾಕೆ ಆಗಲೇ "ಈ ಸಲ ನಮ್ ಟ್ಯಾಂಕ್ ಬೇಡ ಅಕ್ಕಾ, ಇನ್ನೂ ಚೆನ್ನಾಗೇ ಇದೆ" ಎಂದಿದ್ದಾಳೆ. ಆ ಟ್ಯಾಂಕಿನೊಳಗೆ ಏನಿದೆಯೆಂದು ನನಗೆ ಗೊತ್ತು.

ಸಾಮಾನ್ಯ ಕೋರ್ಟು ಇಂಥವರಿಗೆ ತೀರಾ ಮೆದು ಎಂಬುದು ತಮ್ಮ ಆತಂಕವಂತೆ. ಅಲ್ಲಿನ ನ್ಯಾಯಾಧೀಶೆ, ಕುಡಿದು ಗಾಡಿ ಓಡಿಸಿ ಒಬ್ಬರ ಕಾಲು ಮುರಿದ ನನ್ನ ಒಡಹುಟ್ಟಿದ ತಮ್ಮನನ್ನು ನನ್ನ ಕಣ್ಣೆದುರೇ ಜೈಲಿಗಟ್ಟಿದರು. ಕಾಲು ಮುರಿಸಿಕೊಂಡವರು ಅವನ ಮುಖ ನೋಡಿ ನಡೆದದ್ದು ಹೇಳಿದರು, ಅವನ ವಕೀಲರು ಮರುಪ್ರಶ್ನೆ ಹಾಕಿದರು, ಎಲ್ಲವನ್ನೂ ನಾನು ಕೇಳಿಸಿಕೊಂಡೆ; ಅದಕ್ಕೇ ತೀರ್ಪಿನ ಮೇಲೆ ತುಟಿ ಬಿಚ್ಚಲಿಲ್ಲ. ಅಳಿಯ ವಿಷ ಹಾಕಿದ್ದು ನಿಜವೇ ಆದರೆ ಅದನ್ನೂ ನಾನು ಅಲ್ಲೇ ಕೇಳಬೇಕು. ಕೇಳಿದ ಮೇಲೆ ಅವನಿಗೊಂದು ಕಂಬಳಿಯನ್ನೂ ಕಳಿಸುವುದಿಲ್ಲ. ಹಾಗೆಂದು, ಸಂಚು ಹೂಡುವಷ್ಟು ಬುದ್ಧಿ ಅವನಿಗಿದ್ದಿದ್ದರೆ ವ್ಯಾಪಾರವನ್ನು ಎಂದೋ ಅವನ ಕೈಗೆ ಕೊಟ್ಟು ಕೂತಿರುತ್ತಿದ್ದೆ.

ಮುಚ್ಚಿದ ಕೋಣೆಯೇ ಆಗಬೇಕೆಂದು ತಾವು ಹಟ ಹಿಡಿದರೆ, ನಮ್ಮ ಮನೆಯ ಮೇಲಿನ ಖಾಲಿ ಟ್ಯಾಂಕನ್ನು ಒಪ್ಪಿಸುತ್ತೇನೆ. ಬೆಳಕಿಲ್ಲ, ಕಿಟಕಿಯಿಲ್ಲ, ಮುಚ್ಚಳ ಬಿಗಿಯಾಗಿದೆ. ಒಳಗೆ ತಾವು ಆಡಿದ ಮಾತೇ ತಮಗೆ ತಿರುಗಿ ಕೇಳಿಸುತ್ತದೆ, ಇನ್ನೊಬ್ಬರ ಮಾತು ಕೇಳುವ ಕಷ್ಟವೇ ಇಲ್ಲ. ತಾವು ಇಳಿಯುವಾಗ ಏಣಿಯನ್ನು ನಾನೇ ಹಿಡಿದುಕೊಳ್ಳುತ್ತೇನೆ.

ಸೋಮವಾರದವರೆಗೆ ಮಾತ್ರ ತಮ್ಮ ವಿಶ್ವಾಸಿ,
ಬೀದಿಯವರ ಬಾಯಲ್ಲಿ ಟ್ಯಾಂಕಮ್ಮ

ತಾಜಾ ಕಲಂ: ಮುಂದೊಂದು ದಿನ ಯಾರಾದರೂ ತಮ್ಮ ಮೇಲೆಯೇ ಅನುಮಾನಪಟ್ಟರೆ ಗಾಬರಿಯಾಗಬೇಡಿ. ತಮ್ಮನ್ನೂ ತೆರೆದ ಕೋರ್ಟಿನಲ್ಲೇ ವಿಚಾರಿಸಬೇಕೆಂದು ನಾನೇ ಅರ್ಜಿ ಬರೆದು, ಕಲಾಪ ಮುಗಿಯುವವರೆಗೆ ಹಿಂದಿನ ಬೆಂಚಿನಲ್ಲಿ ಬಂದು ಕೂರುತ್ತೇನೆ. ತಮ್ಮ ಪರವಾಗಿ ಕೂರುವವರು ಆಗ ಬೇರೆ ಯಾರಿರುತ್ತಾರೆ?