ಧಣಿಯ ಮಂಚಕ್ಕೆ ಲಾರಿಯ ಕಮಾನು

ನಮ್ಮ ಶೆಡ್ಡಿನಲ್ಲಿ ದಿನಕ್ಕೊಂದಾದರೂ ನಗುವಂಥದ್ದು ಆಗಲೇಬೇಕು, ಇಲ್ಲದಿದ್ದರೆ ಸಂಜೆ ಬೀಗ ಬೀಳುವುದಿಲ್ಲ. ಇಲ್ಲಿಗೆ ಬರುವ ಸಾಮಾನಿನಲ್ಲಿ ಅರ್ಧ ಮುರಿದು ಬರುತ್ತದೆ, ಉಳಿದರ್ಧವನ್ನು ರಿಪೇರಿ ಮಾಡುವಾಗ ನಾವೇ ಮುರಿಯುತ್ತೇವೆ.

ಶೆಡ್ಡು ನನ್ನ ಸೋದರಮಾವನದು. ಹೊಸಪೇಟೆ ಬೈಪಾಸಿನಲ್ಲಿ ಲಾರಿಗೆ ಬಾಡಿ ಕಟ್ಟುವ ಕೆಲಸ. ಆಗ ಸಂಡೂರಿನ ಗುಡ್ಡಗಳನ್ನು ಅದಿರಿಗಾಗಿ ಅಗೆದಗೆದು ಚೀನಾಕ್ಕೆ ಕಳಿಸುವ ಭರಾಟೆ. ರಸ್ತೆ ಕೆಂಪು, ಗಿಡ ಕೆಂಪು, ಕರೀ ಎಮ್ಮೆಯೂ ಕೆಂಪು. ನಿನ್ನೆಯವರೆಗೆ ಸೈಕಲ್ಲಿಗೆ ಪಂಚರ್ ಹಾಕಿಸಲು ಹಿಂದೆಮುಂದೆ ನೋಡುತ್ತಿದ್ದವರೆಲ್ಲ ಬೆಳಗಾಗುವುದರೊಳಗೆ ಲಾರಿ ಮಾಲೀಕರು.

ನಾನು ಒಂಬತ್ತನೇ ಕ್ಲಾಸಿನಲ್ಲಿ ಫೇಲಾಗಿ ಇಲ್ಲಿ ಬಂದು ಬಿದ್ದವನು. ಅವ್ವ ಮತ್ತು ಮಾಮ ಸೇರಿ ಒಂದು ಕರಾರು ಮಾಡಿದ್ದರು: ಹುಡುಗ ಕೆಲಸ ಕಲಿಯಲಿ, ಆದರೆ ಅವನ ಕೈಯಲ್ಲಿ ಒಂದು ಕೆಲಸ ಕೆಟ್ಟಿತೋ, ಮಾರನೇ ದಿನವೇ ಮತ್ತೆ ಒಂಬತ್ತನೇ ಕ್ಲಾಸಿಗೆ. ಶಾಲೆಗೆ ನಾನು ಅಂಜುವವನಲ್ಲ. ಆದರೆ ಆ ವರ್ಷ ನನ್ನ ತಂಗಿಯೂ ಒಂಬತ್ತನೇ ಕ್ಲಾಸಿಗೆ ಬಂದಿದ್ದಳು. "ನಮ್ಮಣ್ಣ ಬರ್ತಾನ, ಲೆಕ್ಕ ಅವಗ ನಾನಾ ಹೇಳಿಕೊಡ್ತೀನಿ" ಎಂದು ಓಣಿ ತುಂಬ ಸಾರಿಕೊಂಡು ತಿರುಗುತ್ತಿದ್ದಳು. ಅಂಥ ಹೊತ್ತಿನಲ್ಲಿ ಆ ವ್ಯಾನು ಬಂತು.

೧. ಫೋಟೊ

ಬಿಳಿ ಬಣ್ಣ, ಕಿಟಕಿಗೆ ಪರದೆ. ನಾವು ಆಂಬುಲೆನ್ಸು ಅಂದುಕೊಂಡೆವು. ಬಾಗಿಲು ತೆಗೆದರೆ ಒಳಗೆ ಮನೆ! ಒಲೆ, ನಲ್ಲಿ, ಆಳೆತ್ತರದ ಕನ್ನಡಿ, ಹಿಂಬದಿಗೆ ಒಂದು ಮಂಚ. ಸಂಡೂರು ಕಡೆಯ ಗಣಿ ಧಣಿಯೊಬ್ಬ ಅದನ್ನು ಬೆಂಗಳೂರಿನ ಸಿನಿಮಾದವರಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದ. ಆತನಿಗೆ ಮೂರಂತಸ್ತಿನ ಮನೆಯಿತ್ತು, ಮನೆ ತುಂಬ ಮಂಚಗಳಿದ್ದವು. ಆದರೆ ಆ ಮನೆಯನ್ನು ಊರೂರಿಗೆ ಒಯ್ದು ತೋರಿಸಲು ಆಗುವುದಿಲ್ಲವಲ್ಲ!

ಮಂಚದ ಚೌಕಟ್ಟಿಗೆ ಅಡ್ಡಡ್ಡ ಹದಿನಾಲ್ಕು ತೆಳು ಕಟ್ಟಿಗೆ ಪಟ್ಟಿಗಳು, ನಡುನಡುವೆ ಸಂದು, ಮೇಲೆ ಗಾದಿ. ಅದರಲ್ಲಿ ಒಂಬತ್ತು ಪಟ್ಟಿ ನಡುವಿಗೇ ಮುರಿದಿದ್ದವು.

"ಹೆಂಗ ಮುರದ್ವ್ರಿ ಧಣೇರ?" ಮಾಮ ಕೇಳಿದ.

"ತಾವಾ ಮುರದ್ವಪ್ಪ. ಧೂಳು ಕುಂತು ಕುಂತು ಭಾರ ಆಗಿರಬೇಕು."

ಹೇಳಿದ ಧಣಿ ಒಂದು ಕ್ವಿಂಟಲ್ಲಿನ ಮೇಲೆ ಇಪ್ಪತ್ತು ಕೇಜಿ ಇದ್ದ. ಆತ ಚಹಾ ಕುಡಿಯಲು ಆಚೆ ಹೋದ ಕೂಡಲೇ ವ್ಯಾನಿನ ಡ್ರೈವರಣ್ಣ, ಕಂಪ್ಲಿ ಕಡೆಯವನು, ಸ್ಟೇರಿಂಗಿನ ಹಿಂದಿನಿಂದ ಒಂದು ಫೋಟೊ ತೆಗೆದ.

"ಹೊಸ ವ್ಯಾನು ಬಂತಂತ ಗೆಳ್ಯಾರ ಜೋಡಿ ತಗಸ್ಯಾರ. ಧಣೇರು ಮಂಚದ ನಡಕ, ಉಳಿದೋರು ಸುತ್ತ."

ಫೋಟೊದಲ್ಲಿ ನಾಲ್ಕು ಜನ ಚಿನ್ನದ ಚೈನು ಕಾಣುವಂತೆ ಅಂಗಿಯ ಗುಂಡಿ ಬಿಚ್ಚಿ ನಗುತ್ತಿದ್ದರು.

"ಧಣೇರು ಎಲ್ಲಿ ಅದಾರ?"

"ಕೆಳಗ ನೋಡಲೇ."

ಮಂಚದ ನಡುವಿನಿಂದ ಒಂದೇ ಒಂದು ಕೈ ಮೇಲೆ ಬಂದಿತ್ತು. ಐದು ಬೆರಳಿಗೆ ಐದು ಉಂಗುರ. ಮನುಷ್ಯ ಮುಳುಗಿದ್ದರೂ ಕೈ ಮಾತ್ರ ಎರಡು ಬೆರಳು ಎತ್ತಿ ಗೆದ್ದ ಗುರುತು ತೋರಿಸುತ್ತಿತ್ತು.

೨. ಹಠಮಾರಿ ಕಟ್ಟಿಗೆ

ಉಳಿದ ಐದು ಪಟ್ಟಿಗಳನ್ನು ಮಾಮ ಬಿಚ್ಚಿ ಬೆಳಕಿಗೆ ಹಿಡಿದ. ಐದೂ ನಡುವೆ ಬಿಲ್ಲಿನ ಹಾಗೆ ಸ್ವಲ್ಪ ಮೇಲಕ್ಕೆ ಉಬ್ಬಿದ್ದವು.

"ನೋಡಲೇ ಬೆಂಗಳೂರು ಬಡಿಗ್ಯಾರ ಮೋಸ! ಹಸೀ ಕಟಗಿ ಹಾಕ್ಯಾರ. ಎಲ್ಲಾ ಬಗ್ಗಿ ಹೋಗ್ಯಾವು."

"ಮಾಮ, ತಾವಾ ಬಗ್ಗಿದ್ರ ಒಂದು ಅತ್ಲಾಗ, ಒಂದು ಇತ್ಲಾಗ ಬಗ್ಗಬೇಕಲ್ಲ? ಎಲ್ಲಾ ಒಂದ ಕಡೆ ಯಾಕ ಬಗ್ಗ್ಯಾವು?"

"ಕಳ್ಳರೆಲ್ಲಾ ಒಂದ ಕಡೆ ಇರ್ತಾರಲೇ. ನೀ ಸುಮ್ನಿರು."

ಮೈ ಭಾರ ಬಿದ್ದಾಗ ಬಗ್ಗಿ ಮೆತ್ತಗೆ ಮೇಲೇಳಲಿ ಎಂದೇ ಅವನ್ನು ಹಾಗೆ ಮಾಡಿರುತ್ತಾರೆಂದು ನಮಗಾರಿಗೂ ಗೊತ್ತಿರಲಿಲ್ಲ. ಮಾಮ ಅವನ್ನು ನೀರಿನ ಡ್ರಮ್ಮಿನಲ್ಲಿ ನೆನೆಸಿ, ನೆಲಕ್ಕೆ ಹಾಸಿ, ಮೇಲೆ ಲಾರಿಯ ನಾಲ್ಕು ಟೈರು ಹೇರಿದ. ಮೂರು ದಿನ ಬಿಟ್ಟು ಟೈರು ತೆಗೆಸಿ ಬಗ್ಗಿ ನೋಡಿದ. ಪಟ್ಟಿಗಳು ಗೆರೆ ಎಳೆದ ಹಾಗೆ ನೆಟ್ಟಗಾಗಿದ್ದವು. "ಹಿಂಗ ಬುದ್ಧಿ ಕಲಸಬೇಕು" ಎಂದು ಒಂದರ ತುದಿ ಎತ್ತಿದ್ದೇ ತಡ, ಅದು ಫಟಾರನೆ ಮೊದಲಿನ ಹಾಗೇ ಉಬ್ಬಿ ಮಾಮನ ಗದ್ದಕ್ಕೆ ಬಡಿಯಿತು.

ಮಾಮ ಗದ್ದ ಹಿಡಿದುಕೊಂಡೇ ಐದೂ ಪಟ್ಟಿಗಳನ್ನು ಚಹಾದ ಒಲೆಗೆ ಹಾಕಿದ. ನಮ್ಮ ಶೆಡ್ಡಿನಲ್ಲಿ ಏಟಿಗೆ ತಿರುಗಿ ಏಟು ಕೊಟ್ಟವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

೩. ಬಾಯಿ ಜಾರಿದ್ದು

ಹೊಸದಾಗಿ ಯಾವ ಕಟ್ಟಿಗೆ ಹಾಕುವುದೆಂದು ಮಾಮ ತಲೆ ಕೆರೆಯುತ್ತ ಕೂತಿದ್ದ. ನನಗೆ ಬಾಯಿ ಸುಮ್ಮನಿರುವುದಿಲ್ಲ.

"ಕಟಗಿ ಯಾಕ ಮಾಮ? ಲಾರಿ ಕಮಾನು ಹಾಕಿಬಿಡು. ಧಣೇರ ಜೋಡಿ ಗುಡ್ಡಾನೂ ಮಲಗಲಿ."

ಲಾರಿಯ ಗಾಲಿಯ ಮೇಲೆ ಬಿಲ್ಲಿನಂಥ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು ಕೂತಿರುತ್ತವಲ್ಲ, ಅವೇ ಕಮಾನು. ಹತ್ತು ಟನ್ ಹೊರುವಂಥವು. ಹೇಳಿ ನಾನು ನಕ್ಕೆ. ಡ್ರೈವರಣ್ಣನೂ ನಕ್ಕ. ಮಾಮ ನಗಲಿಲ್ಲ.

"ಭೇಷ್! ಮೊದಲ ಬಾರಿಗೆ ನಿನ್ನ ತಲಿ ಓಡೇತಿ. ಈ ಕೆಲಸ ನಿಂದಾ. ಮಂಚ ಕೆಡ್ತಂದ್ರ ನಾಳೆಯಿಂದ ತಂಗಿ ಕೈ ಹಿಡಕೊಂಡು ಸಾಲಿಗೆ ಹೋಗು."

ನಾನು ನಗುವುದನ್ನು ಬಿಟ್ಟು ಎದ್ದೆ.

ಗುಜರಿಯಿಂದ ಹದಿನಾಲ್ಕು ಕಮಾನು ಪಟ್ಟಿ ಆರಿಸಿ ತಂದೆ. ಅವುಗಳ ಭಾರಕ್ಕೆ ಮಂಚದ ಕಟ್ಟಿಗೆ ಚೌಕಟ್ಟು ಕುಂಯ್ ಎಂದಿತು. ಚೌಕಟ್ಟಿಗೆ ಕಬ್ಬಿಣದ ಆಂಗಲ್ಲು ಹೊಡೆದೆವು. ಆಂಗಲ್ಲು ಹೊರಲು ಕೆಳಗೆ ದಪ್ಪ ಕಬ್ಬಿಣದ ಚಾನಲ್ಲು ಕೊಟ್ಟೆವು. ಚಾನಲ್ಲು ಅಲುಗದ ಹಾಗೆ ವ್ಯಾನಿನ ತಳದ ಚಾಸಿಗೇ ವೆಲ್ಡಿಂಗು ಮಾಡಿದೆವು.

ಡ್ರೈವರಣ್ಣ ತಲೆ ಮೇಲೆ ಕೈ ಇಟ್ಟುಕೊಂಡು ಕೂತ. "ಏನ್ರಿ ಮಿಸ್ತ್ರಿ, ಮಂಚ ಮಾಡಾಕತ್ತೀರೋ, ಸೇತುವೆ ಕಟ್ಟಾಕತ್ತೀರೋ?"

"ಹುಚ್ಚಪ್ಪ," ಎಂದ ಮಾಮ, "ಸೇತುವೆಗೆ ಇಷ್ಟು ಕಬ್ಬಿಣ ಯಾರು ಹಾಕ್ತಾರಲೇ?"

೪. ಹಲಗೆಯ ಬರಹ

ನಮ್ಮ ಶೆಡ್ಡಿನಿಂದ ಯಾವ ಬಾಡಿ ಹೊರಟರೂ ಒಂದು ಪದ್ಧತಿ. ವಿಭೂತಿ ಬಳಿಯಬೇಕು, ಕಾಯಿ ಒಡೆಯಬೇಕು, ಹಿಂದಿನ ಹಲಗೆಯ ಮೇಲೆ ಒಂದು ಸಾಲು ಬರೆಯಬೇಕು. ಬರೆಯದೆ ಕಳಿಸಿದರೆ ಗಾಡಿಗೆ ಕೇಡು ಎಂದು ಮಾಮನ ನಂಬಿಕೆ. ಪೇಂಟರು ಅವತ್ತು ಮಲಪನಗುಡಿಗೆ ಬೀಗರೂಟಕ್ಕೆ ಹೋಗಿದ್ದ. "ನೀನಾ ಬರಿ" ಎಂದ ಮಾಮ. ನನಗೆ ಅಷ್ಟು ಸಾಕಾಯಿತು. ಮಂಚದ ತಲೆಯ ಕಡೆಯ ಹಲಗೆಯ ಮೇಲೆ ಹಳದಿ ಬಣ್ಣದಲ್ಲಿ ದಪ್ಪಗೆ ಬರೆದೆ: ಅಂತರ ಕಾಯ್ದುಕೊಳ್ಳಿ.

ಮಂಚ ನೋಡಲು ಧಣಿಯ ಜೊತೆ ಆತನ ಹೆಂಡತಿಯೂ ಬಂದಿದ್ದರು. ಅಮ್ಮೋರು ಒಳಗೆ ಹತ್ತಿ ಹಲಗೆ ಓದಿದರು. ಇನ್ನೊಂದು ಸಲ ಓದಿದರು.

"ಏನ್ರಿ, ಇದು ನೀವು ಬರಸಿದ್ದೇನು?"

ಧಣಿಗೆ ಸಹಿ ಬಿಟ್ಟು ಬೇರೆ ಅಕ್ಷರದ ಸಹವಾಸವಿಲ್ಲ. ದೇವರ ಹೆಸರೆಂದೇ ತಿಳಿದು ಎದೆ ಉಬ್ಬಿಸಿದ. "ಮತ್ತ! ನಾನಾ ನಿಂತು ಬರಸೀನಿ. ಮನ್ಯಾಗಿನ ಎಲ್ಲಾ ಮಂಚಕ್ಕೂ ಇದನ್ನ ಬರಸ್ತೀನಿ."

ಅಮ್ಮೋರು ಇಳಿದು, ಆಟೋ ನಿಲ್ಲಿಸಿ, ಸೀದಾ ತವರಿಗೆ ನಡೆದರು. ನಮ್ಮ ಬರಹಕ್ಕೆ ಅಷ್ಟು ಜಲ್ದಿ ಯಾವ ಲಾರಿಯೂ ಬೆಲೆ ಕೊಟ್ಟಿದ್ದಿಲ್ಲ.

೫. ಲೋಡು

ಎರಡು ದಿನ ಬಿಟ್ಟು ಧಣಿ ಸೊಂಟಕ್ಕೆ ಕೈಕೊಟ್ಟು ಬಂದ. ನನಗೆ ತಂಗಿಯ ನಗು ಕಿವಿಯಲ್ಲೇ ಕೇಳಿಸಿತು.

"ಮಿಸ್ತ್ರಿ, ಇದು ಮಂಚನೋ, ಬಂಡಿ ಹಾದಿನೋ?"

"ಮುರದೈತೇನ್ರಿ ಧಣೇರ?" ಮಾಮ ತಣ್ಣಗೆ ಕೇಳಿದ.

"ಮಂಚ ಮುರದಿಲ್ಲ. ನಾನು ಮುರದೀನಿ!"

ಹತ್ತು ಟನ್ನಿನ ಕಮಾನು ಒಂದು ಕ್ವಿಂಟಲ್ಲಿಗೆ ಬಗ್ಗುವುದುಂಟೆ? ಮಾಮ ಗಡ್ಡ ತೀಡಿ ಯೋಚಿಸಿದ. "ಧಣೇರ, ಖಾಲಿ ಲಾರ್ಯಾಗ ಕುಂತೀರೇನು?"

"ಹೂಂ. ಕರುಳು ಕೊರಳಿಗೆ ಬರ್ತೈತಿ."

"ಲೋಡ್ ಲಾರ್ಯಾಗ?"

"ತೊಟ್ಲು ತೂಗಿದಂಗ ಆಗ್ತೈತಿ."

"ಅಷ್ಟ ರೀ. ನಿಮ್ಮ ಮಂಚಕ್ಕ ಲೋಡ್ ಸಾಲವಲ್ದು."

ಡಾಕ್ಟರು ಹೇಳಿದ್ದರೆ ಧಣಿ ನಂಬುತ್ತಿರಲಿಲ್ಲ. ಲೋಡಿನ ಮಾತು ಆತನ ತಾಯ್ನುಡಿ. ಅವತ್ತೇ ಆತನ ಗಣಿಯಿಂದ ಹನ್ನೆರಡು ಚೀಲ ಅದಿರು ಬಂತು. ಕಮಾನಿನ ಮೇಲೆ ಚೀಲಗಳನ್ನು ಸಾಲಾಗಿ ಮಲಗಿಸಿ, ಮೇಲೆ ಗಾದಿ ಹಾಸಿದೆವು. ಧಣಿ ಮೆಲ್ಲಗೆ ಅಡ್ಡಾದ. ಕಮಾನು ಕಿರ್ರ್ ಎಂದು ಕುಗ್ಗಿ, ಎದ್ದು, ತೂಗಿತು. "ಆಹಾ ಮಿಸ್ತ್ರೀ..." ಎಂದವನ ಮಾತು ಮುಗಿಯುವ ಮೊದಲೇ ಗೊರಕೆ ಶುರುವಾಯಿತು.

ಡ್ರೈವರಣ್ಣ ನನ್ನ ಕಿವಿಯಲ್ಲಿ ಹೇಳಿದ: "ಗುಡ್ಡಕ್ಕ ಗುಡ್ಡಾನ ಮಾರಿದ್ರೂ ಬರದ ನಿದ್ದಿ ನೋಡಲೇ, ಹನ್ನೆರಡು ಚೀಲಕ್ಕ ಬಂತು."

೬. ಹಾಸಿಗೆಯ ಪರ್ಮಿಟ್ಟು

ಸೋಮವಾರ ಧಣಿ ಹಂಪಿಗೆ ದೇವರ ದರ್ಶನಕ್ಕೆ ಹೊರಟ. ಮಂಚದಲ್ಲಿ ಏನಾದರೂ ಸದ್ದು ಬಂದರೆ ನೋಡಲು ಮಾಮನೂ ನಾನೂ ಜೊತೆಗೆ. ಮಟಮಟ ಮಧ್ಯಾಹ್ನ, ಧಣಿ ಬನಿಯನ್ನಿನಲ್ಲಿ ಮಲಗಿದ್ದ. ದಾರಿಯಲ್ಲಿ ಒಂದು ಚೆಕ್‌ಪೋಸ್ಟು. ನಮ್ಮ ಮುಂದೆ ಧಣಿಯದೇ ನಾಲ್ಕು ಲಾರಿ, ಅದಿರು ಚೆಲ್ಲುತ್ತ ಹೋಗುತ್ತಿದ್ದವು. ಅವುಗಳಿಗೆ ಅಡ್ಡಗೋಲು ಸಲಾಮು ಹೊಡೆದ ಹಾಗೆ ಮೇಲೆದ್ದು ನಿಂತಿತ್ತು. ನಮ್ಮ ವ್ಯಾನು ಬಂತು, ಕೋಲು ದಬ್ಬನೆ ಕೆಳಗೆ ಬಿತ್ತು.

ಚೆಕ್‌ಪೋಸ್ಟಿನ ಸಾಹೇಬ ನೆಲಕ್ಕೆ ಒತ್ತಿದ್ದ ಹಿಂದಿನ ಟೈರು ನೋಡಿದ. "ಒಳಗ ಏನೈತಿ?"

"ಧಣೇರು ಮಲಗ್ಯಾರ್ರಿ," ಎಂದ ಡ್ರೈವರಣ್ಣ.

"ಒಬ್ಬ ಮಲಗಿದ್ರ ಟೈರು ಹಿಂಗ ಒತ್ತತೈತೇನು?"

"ನೀವು ನಮ್ಮ ಧಣೇರನ್ನ ನೋಡಿಲ್ರಿ."

ಸಾಹೇಬ ಒಳಗೆ ಹತ್ತಿ ಗಾದಿಯ ತುದಿ ಎತ್ತಿದ. ಚೀಲ. ಚೀಲದ ಬಾಯಿಂದ ಕೆಂಪು ಪುಡಿ. "ಅದಿರು! ಪರ್ಮಿಟ್ ಎಲ್ಲೈತಿ?"

ಧಣಿ ಕಣ್ಣುಜ್ಜುತ್ತ ಎದ್ದು ಕೂತ. "ಇದು ಮಾಲಲ್ರೀ ಸಾಹೇಬ್ರ, ಹಾಸಿಗಿ!"

"ಹಾಸಿಗ್ಯಾಗ ಅದಿರು ಯಾಕ?"

"ಮೆತ್ತಗ ಆಗಲಿ ಅಂತ್ರಿ."

ಸಾಹೇಬ ಮಾಮನನ್ನು ನೋಡಿದ. ಮಾಮ ಹೌದೆಂದು ತಲೆಯಾಡಿಸಿದ. ಆತ ಸರ್ವೀಸಿನಲ್ಲಿ ಬೇಕಾದಷ್ಟು ಸುಳ್ಳು ಕೇಳಿರಬೇಕು, ಆದರೆ ಇಂಥ ನಿಜ ಕೇಳಿರಲಿಕ್ಕಿಲ್ಲ.

ಧಣಿಗೆ ಸಿಟ್ಟು ನೆತ್ತಿಗೇರಿತು. "ಈಗ ನನ್ನ ನಾಕು ಲಾರಿ ಬಿಟ್ರಲ್ಲ! ಮಂಚ ಹಿಡೀತೀರೇನು?"

"ಲಾರಿ ಹಿಡಿಬ್ಯಾಡ ಅಂತ ಮ್ಯಾಲಿಂದ ಹೇಳ್ಯಾರ," ಎಂದ ಸಾಹೇಬ. "ಮಂಚದ ಬಗ್ಗೆ ಯಾರೂ ಏನೂ ಹೇಳಿಲ್ಲ. ನಡೆದಿದ್ದು ನಡೆದಂಗ ಒಂದು ಹಾಳ್ಯಾಗ ಬರದು ಸಹಿ ಮಾಡ್ರಿ."

ಮಾಮನದು ಹೆಬ್ಬೆಟ್ಟು. ಡ್ರೈವರಣ್ಣ ಕನ್ನಡಕ ಮರೆತು ಬಂದಿದ್ದೇನೆ ಎಂದ, ಆತ ಎಂದೂ ಕನ್ನಡಕ ಹಾಕಿದವನಲ್ಲ. ಧಣಿಯ ಸಂಗತಿ ಹೇಳಿದ್ದೇನೆ. ಮೂವರೂ ನನ್ನ ಕಡೆ ತಿರುಗಿದರು. ಮಂಚ ಜಪ್ತಾದರೆ ನನ್ನ ಕೆಲಸ ಕೆಟ್ಟ ಹಾಗೇ ಲೆಕ್ಕ, ನಾಳೆ ಬೆಳಗ್ಗೆ ತಂಗಿಯ ಜೊತೆ ಪ್ರಾರ್ಥನೆ. ಹೇಗಾದರೂ ಧಣಿಯನ್ನು ಉಳಿಸಲೇಬೇಕೆಂದು ನಾಲಿಗೆ ಕಚ್ಚಿಕೊಂಡು, ತಪ್ಪಿಲ್ಲದ ಹಾಗೆ ಬರೆದೆ. ಧಣಿ ಕೆಳಗೆ ಅಂಗೈ ಅಗಲ ಸಹಿ ಜಡಿದ. ಸಾಹೇಬ ಗಟ್ಟಿಯಾಗಿ ಓದಿದ:

"ಮಾನ್ಯರೇ, ಈ ಹನ್ನೆರಡು ಚೀಲ ಕಳ್ಳ ಅದಿರಲ್ಲ. ನಮ್ಮ ಧಣಿಗಳು ಕಳ್ಳ ಅದಿರನ್ನು ಎಂದೂ ಮಂಚದಲ್ಲಿ ಸಾಗಿಸುವುದಿಲ್ಲ, ಲಾರಿಯಲ್ಲೇ ಸಾಗಿಸುತ್ತಾರೆ. ಈಗ ತಾನೇ ತಮ್ಮ ಕಣ್ಣ ಮುಂದೆ ನಾಲ್ಕು ಹೋದವು. ತಾವೇ ಕೋಲು ಎತ್ತಿದ್ದೀರಿ. ಇದು ಅವರ ನಿದ್ದೆಗೆ ಮಾತ್ರ."

ಧಣಿಯ ಮೈ ಬೆವರಿ ಬನಿಯನ್ನು ಒದ್ದೆ. ಸಾಹೇಬ ಆಚೀಚೆ ನೋಡಿ, ಹಾಳೆಯನ್ನು ಚೂರುಚೂರು ಮಾಡಿ ಜೇಬಿಗೆ ತುರುಕಿಕೊಂಡ.

"ಹೋಗ್ರಿ! ಮಂಚ, ಚೀಲ, ಈ ಹುಡುಗ, ಎಲ್ಲಾ ತಗೊಂಡು ಮೊದಲು ಇಲ್ಲಿಂದ ಹೋಗ್ರಿ!"

ಕೋಲು ಮೇಲೆದ್ದಿತು. ಸ್ವಲ್ಪ ದೂರ ಹೋದ ಮೇಲೆ ಮಾಮ ನನ್ನ ಕಿವಿ ಹಿಂಡಿದ. "ಮಂಚ ಉಳೀತು ಖರೆ. ಆದ್ರ ನಿನಗ ಬುದ್ಧಿ ಬರಬೇಕಂದ್ರ ನಾಳೆಯಿಂದ ಸಾಲೀನ ಗತಿ."

ಮಂಚದಿಂದ ಧಣಿ ದಡಬಡಿಸಿ ಎದ್ದು ಬಂದು ಮಾಮನ ಎರಡೂ ಕೈ ಹಿಡಿದುಕೊಂಡ.

"ಬ್ಯಾಡ ಮಿಸ್ತ್ರಿ, ನಿನ್ನ ಕಾಲಿಗೆ ಬೀಳ್ತೀನಿ, ಇವನ್ನ ಸಾಲಿಗೆ ಮಾತ್ರ ಕಳಸಬ್ಯಾಡ! ಅರ್ಧ ಕಲ್ತಿದ್ದಕ್ಕ ನಾಕು ಲಾರಿ ಬರದಾನ. ಪೂರ್ತಿ ಕಲ್ತನಂದ್ರ ಉಳಿದಿದ್ದೂ ಬರದುಬಿಡ್ತಾನ!"