ಊರ ಜಗಲಿಗೆ ಬಂದ ತತ್ವಶಾಸ್ತ್ರ

ಒಂದು ಊರಿಗೆ ಹೋಗಿ, ನಾಲ್ಕು ಜನರನ್ನು ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ಆರು ವರ್ಷದಿಂದ ಹೀಗೇ ಆಗುತ್ತಿದೆ, ನಾನೂ ಹೋಗುವುದನ್ನು ಬಿಟ್ಟಿಲ್ಲ.

ಹುಣಸೂರಿನ ಕಾಲೇಜೊಂದರಲ್ಲಿ ನಾನು ತತ್ವಶಾಸ್ತ್ರ ಪಾಠ ಮಾಡುತ್ತಿದ್ದೆ. ಕೊನೆಕೊನೆಗೆ ತರಗತಿಯಲ್ಲಿ ಇದ್ದದ್ದೇ ಇಬ್ಬರು, ಅವರಲ್ಲೊಬ್ಬಳಿಗೆ ಮದುವೆಯಾಯಿತು. ನಿವೃತ್ತನಾದ ಮೇಲೆ, ಜನ ತರಗತಿಗೆ ಬರದಿದ್ದರೆ ಜನ ಇರುವಲ್ಲಿಗೆ ತತ್ವಶಾಸ್ತ್ರವೇ ಹೋಗಲಿ ಎಂದುಕೊಂಡೆ. ಮೈಕು ಇಲ್ಲ, ಹಾರ ಇಲ್ಲ, ಭಾಷಣ ಇಲ್ಲ. ಭಾನುವಾರಕ್ಕೆ ಒಂದು ಹಳ್ಳಿ, ಒಂದು ಪ್ರಶ್ನೆ, ಎಲ್ಲರ ಮಾತು. ನನಗೆ ಬೈಕ್ ಓಡಿಸಲು ಬರುವುದಿಲ್ಲ. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ಗೆಳೆಯನೊಬ್ಬ ತನ್ನ ಬೈಕಿನಲ್ಲಿ ಕರೆದುಕೊಂಡು ಹೋಗುತ್ತಾನೆ. ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ಅವನು ಸೂಜಿ ಚುಚ್ಚದ ಹಸುವಿಲ್ಲ. ಹಾಗಾಗಿ ಜನ ಅವನ ಮುಖ ನೋಡಿ ಕೂರುತ್ತಾರೆ, ನನ್ನ ಪ್ರಶ್ನೆ ಕೇಳಿ ಏಳುತ್ತಾರೆ.

೧. ಸಾಮಾನ್ಯ ಪ್ರಶ್ನೆ

ಹುಣಸೂರು ತಾಲ್ಲೂಕಿನ ಒಂದು ಹಳ್ಳಿ. ಹೆಸರು ಬೇಡ, ಅಲ್ಲಿನ ಡೈರಿ ಕಾರ್ಯದರ್ಶಿ ಇನ್ನೂ ಅಲ್ಲೇ ಇದ್ದಾರೆ. ಸಂಜೆ ಹಾಲು ಹಾಕಲು ಬಂದವರು ಕ್ಯಾನು ಪಕ್ಕಕ್ಕಿಟ್ಟು ಡೈರಿ ಜಗಲಿಯಲ್ಲಿ ಕೂತರು. ಅದು ನನ್ನ ಮೊದಲ ಸಭೆ. ಸುಲಭದ್ದೇ ಇರಲಿ ಎಂದು ಕೇಳಿದೆ:

"ಸುಳ್ಳು ಹೇಳೋದು ಯಾವಾಗಲಾದರೂ ಸರಿಯಾಗುತ್ತದೆಯೇ?"

ಒಬ್ಬೊಬ್ಬರಾಗಿ ತಲೆ ತಿರುಗಿಸಿ, ಒಳಗೆ ಹಾಲಿನ ಡಿಗ್ರಿ ನೋಡಿ ದರ ಬರೆಯುತ್ತಿದ್ದ ಕಾರ್ಯದರ್ಶಿಯ ಕಡೆ ನೋಡಿದರು. ಅವರು ಲ್ಯಾಕ್ಟೋಮೀಟರ್ ಕೆಳಗಿಟ್ಟು ಹೊರಗೆ ಬಂದರು.

"ನಿಮ್ಮನ್ನ ಯಾರು ಕಳಿಸಿದ್ದು?"

"ಯಾರೂ ಇಲ್ಲ ಸ್ವಾಮಿ, ನಾನೇ ಬಂದೆ. ಇದು ಸಾಮಾನ್ಯವಾದ ಪ್ರಶ್ನೆ."

"ಸಾಮಾನ್ಯದ್ದಾದ್ರೆ ನನ್ನ ಡೈರಿ ಮುಂದೆ ಬಂದು ಯಾಕ್ ಕೇಳ್ತಿದ್ದೀರಿ?"

ಹಿಂದೆ ಕೂತಿದ್ದವನೊಬ್ಬ, "ಕೇಳ್ಲಿ ಬುಡಿ, ಉತ್ತರ ಯೋಳಿ ನೀವು" ಎಂದ. ಕಾರ್ಯದರ್ಶಿಯ ಕಡೆಯವನೊಬ್ಬ ಎದ್ದು ಅವನ ಅಂಗಿ ಹಿಡಿದ. ಒಂದು ಕ್ಯಾನು ಉರುಳಿ ಹಾಲು ಮೆಟ್ಟಿಲಿಳಿಯಿತು. ಇಬ್ಬರ ನಡುವೆ ನಿಂತು, ಇದು ಪ್ರಪಂಚದಲ್ಲಿ ಯಾರನ್ನು ಬೇಕಾದರೂ ಕೇಳಬಹುದಾದ ಪ್ರಶ್ನೆ, ಯಾರೊಬ್ಬರ ಮೇಲೂ ಅಲ್ಲ ಎಂದು ಮೂರು ಸಲ ಹೇಳಿದೆ.

ಕಾರ್ಯದರ್ಶಿ ಸ್ವಲ್ಪ ತಣ್ಣಗಾದರು. "ಯಾರನ್ನ ಬೇಕಾದ್ರೂ ಕೇಳ್ಬೋದಾ?"

"ಕೇಳಬಹುದು."

"ಅಂಗಾದ್ರೆ ಪಿರಿಯಾಪಟ್ಟಣಕ್ಕೆ ಹೋಗಿ ಕೇಳಿ."

೨. ಟಿಲ್ಲರ್

ಕೆ.ಆರ್. ನಗರದ ಕಡೆ, ನಾಲೆ ಬಯಲಿನ ಒಂದು ಊರು. ಅಲ್ಲಿ ಅಣ್ಣ ತಮ್ಮ ಇಬ್ಬರು ಭಾಗವಾಗುತ್ತಿದ್ದರು. ಗದ್ದೆ ಮನೆ ಎಲ್ಲ ಹಂಚಿ ಮುಗಿದು, ಒಂದು ಪವರ್ ಟಿಲ್ಲರ್ ಉಳಿದುಕೊಂಡಿತ್ತು. ಅಪ್ಪ ತಂದ ಟಿಲ್ಲರ್, ಇಬ್ಬರಿಗೂ ಸೇರಬೇಕು ಅನ್ನುವುದು ಅಣ್ಣನ ವಾದ. ವರ್ಷಾವರ್ಷ ರಿಪೇರಿ ಮಾಡಿಸಿ ಇಂಜಿನ್, ಗೇರ್ ಬಾಕ್ಸ್, ಚಕ್ರ, ಹ್ಯಾಂಡಲ್ ಎಲ್ಲ ನಾನೇ ಹೊಸದಾಗಿ ಹಾಕಿಸಿದ್ದೇನೆ, ಅಪ್ಪನದ್ದು ಅದರಲ್ಲಿ ಒಂದು ನಟ್ಟೂ ಉಳಿದಿಲ್ಲ ಅನ್ನುವುದು ತಮ್ಮನ ವಾದ. ಹಿಂದಿನ ದಿನ ಅಣ್ಣ ಗುದ್ದಲಿ ಎತ್ತಿದ್ದನಂತೆ. ಊರ ಯಜಮಾನರು ನನ್ನನ್ನು ಕರೆದು, "ನೀವು ಯೋಚನೆ ಮಾಡೋರಂತೆ. ಇದನ್ನೂ ವಸಿ ಯೋಚನೆ ಮಾಡಿ" ಎಂದರು.

ನನ್ನ ಎದೆ ಉಬ್ಬಿತು. ಇದೇ ಸಮಸ್ಯೆಯನ್ನು ಮೂವತ್ತು ವರ್ಷ ಬೋರ್ಡಿನ ಮೇಲೆ ಒಂದೊಂದೇ ಹಲಗೆ ಬದಲಾಗುತ್ತಾ ಹೋಗುವ ಹಡಗಿನ ಚಿತ್ರ ಬರೆದು, ಹಡಗನ್ನೇ ನೋಡದ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಈಗ ಅದು ಡೀಸೆಲ್ ವಾಸನೆ ಸಮೇತ ಕಣ್ಣೆದುರು ನಿಂತಿತ್ತು. ಎದ್ದು ನಿಂತು ವಿವರಿಸಿದೆ. ಒಂದು ವಸ್ತುವಿನ ಎಲ್ಲ ಭಾಗ ಬದಲಾದ ಮೇಲೂ ಅದು ಅದೇ ವಸ್ತುವೇ? ಹಳೆಯ ಭಾಗಗಳನ್ನೆಲ್ಲ ಒಟ್ಟು ಮಾಡಿ ಮತ್ತೆ ಜೋಡಿಸಿದರೆ, ಎರಡರಲ್ಲಿ ಯಾವುದು ನಿಜವಾದದ್ದು?

ಅಣ್ಣ ಥಟ್ಟನೆ ಎದ್ದ. "ಹಳೆ ಸಾಮಾನೆಲ್ಲ ನಮ್ಮ ಕೊಟ್ಟಿಗೇಲಿ ಬಿದ್ದದೆ. ಅದೇ ಅಪ್ಪನ ಟಿಲ್ಲರ್. ಅದು ನಂದು."

"ಅಪ್ಪಂದಾದ್ರೆ ಅದರಲ್ಲಿ ನಂಗೂ ಅರ್ಧ ಬರ್ಬೇಕು" ಎಂದ ತಮ್ಮ.

"ಅಂಗಾದ್ರೆ ನಿಂದ್ರಲ್ಲೂ ನಂಗೆ ಅರ್ಧ."

ಬಾಗಿಲಲ್ಲಿ ನಿಂತಿದ್ದ ಇಬ್ಬರ ಹೆಂಡತಿಯರೂ ಕೆಳಗಿಳಿದು ಬಂದರು. ಅಣ್ಣನ ಕಣ್ಣು ಗುದ್ದಲಿಯ ಕಡೆ ಹೋಯಿತು. ನಾನು ಮೆಲ್ಲಗೆ ಚಪ್ಪಲಿ ಹುಡುಕತೊಡಗಿದೆ. ಯಜಮಾನರು ನನ್ನ ಕೈ ಹಿಡಿದು ಕೂರಿಸಿದರು.

"ಎಲ್ಲಿಗೆ ಹೊಂಟ್ರಿ ಮೇಷ್ಟ್ರೇ? ಇದ್ದಿದ್ದು ಒಂದು ಟಿಲ್ಲರ್, ನೀವು ಬಂದು ಎಲ್ಡು ಮಾಡಿದ್ರಿ. ಇನ್ನೊಂದು ಗಳಿಗೆ ಕೂತ್ಕಳಿ, ಊರಿನ ಎಲ್ಲರಿಗೂ ಒಂದೊಂದು ಬತ್ತದೆ."

೩. ಬೈಕ್ ತಿರುಗಿಸಿಟ್ಟ ದಿನ

ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಹಳ್ಳಿಗೆ ಹೋಗುವಾಗ ದಾರಿಯಲ್ಲೇ ಕಾಂಪೌಂಡರ್ ಕೇಳಿದ, ಇವತ್ತಿನ ಪ್ರಶ್ನೆ ಏನು ಎಂದು. ನಮ್ಮ ಮನೆಯವರಿಗೆ ಬೇಡ ಅನ್ನುವುದನ್ನು ಊರವರಿಗೆಲ್ಲ ಬೆಳೆದುಕೊಡುವುದು ಸರಿಯೇ, ಅಂದೆ. ಊರು ಮುಟ್ಟಿದ ಮೇಲೆ ಅವನು ಬೈಕನ್ನು ಬಂದ ದಾರಿಯ ಕಡೆಗೇ ಮುಖ ಮಾಡಿ ನಿಲ್ಲಿಸಿದ.

ಸೊಪ್ಪನ್ನು ಬಿಸಿಯಲ್ಲಿ ಒಣಗಿಸುವ ಬ್ಯಾರನ್ ಮನೆಯ ಪಕ್ಕದ ಚಪ್ಪರದಲ್ಲಿ ಗಂಡಸರು ಹೆಂಗಸರು ಕಡ್ಡಿಗೆ ಸೊಪ್ಪು ಕಟ್ಟುತ್ತಾ ಕೂತಿದ್ದರು. ನಾನು ಪ್ರಶ್ನೆ ಕೇಳಿದೆ. ಕೈಗಳು ನಿಂತವು.

ಬ್ಯಾರನ್ನಿನ ಒಡೆಯ, ಅರವತ್ತರ ಮನುಷ್ಯ, ಕಡ್ಡಿ ಕೆಳಗಿಟ್ಟು ನನ್ನೆದುರು ಬಂದು ಕೂತ. ಅವನ ತಮ್ಮ ಸೇದಿ ಸೇದಿ ಎದೆ ಕೆಟ್ಟು ತೀರಿಕೊಂಡಿದ್ದನ್ನು ಪಕ್ಕದವರು ಆಮೇಲೆ ಹೇಳಿದರು. ಅದು ನನಗೆ ಗೊತ್ತಿದ್ದರೆ ಆ ಊರಿಗೆ ಆ ಪ್ರಶ್ನೆ ಒಯ್ಯುತ್ತಿರಲಿಲ್ಲ.

"ನಾನು ಸೇದಲ್ಲ" ಎಂದ. "ನನ್ನ ಮಕ್ಕಳಿಗೂ ಮುಟ್ಟಕ್ಕೆ ಬುಡಲ್ಲ. ಬೆಳಿತೀನಿ. ತಪ್ಪೋ ಸರಿಯೋ ಅಂತ ನಂಗೂ ರಾತ್ರಿ ಹಗಲು ಅನ್ನಿಸ್ತದೆ. ಈಗ ನಾನೊಂದು ಕೇಳ್ಲಾ?"

"ಕೇಳಿ."

"ನೀವು ಈ ತತ್ವಶಾಸ್ತ್ರವ ಎಷ್ಟು ವರ್ಷ ಊರ ಮಕ್ಕಳಿಗೆಲ್ಲ ಹೇಳ್ಕೊಟ್ರಿ?"

"ಮೂವತ್ತು ವರ್ಷ."

"ನಿಮ್ಮ ಮಕ್ಕಳು ಏನು ಓದವ್ರೆ?"

"ಮಗಳು ನರ್ಸಿಂಗ್. ಮಗ ಸಿವಿಲ್ ಡಿಪ್ಲೊಮಾ."

"ತತ್ವಶಾಸ್ತ್ರ ಯಾಕೆ ಓದಿಸ್ಲಿಲ್ಲ?"

ನಾನು ಕೆಳಗೆ ಬಿದ್ದಿದ್ದ ಸೊಪ್ಪೊಂದನ್ನು ಎತ್ತಿ ಕಡ್ಡಿಗೆ ಕಟ್ಟಲು ನೋಡಿದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟ.

"ಬುಡಿ ಸಾರ್, ಬೇಜಾರು ಮಾಡ್ಕಬೇಡಿ. ನಾವೂ ನೀವೂ ಒಂದೇ ಕಸುಬಿನೋರು."

೪. ಸ್ವಾತಂತ್ರ್ಯ ಎಂದರೇನು

ಸರಗೂರು ದಾಟಿ ಕಾಡಂಚಿನ ಒಂದು ಹಳ್ಳಿಗೆ ಹೋಗಬೇಕಿತ್ತು. "ಸ್ವಾತಂತ್ರ್ಯ ಎಂದರೇನು" ಅನ್ನುವುದು ಅವತ್ತಿನ ವಿಷಯ, ವಾರದ ಮುಂಚೆಯೇ ಹೇಳಿ ಕಳಿಸಿದ್ದೆ. ಮಧ್ಯಾಹ್ನ ಮೂರೂವರೆಗೆ ತಲುಪಿದಾಗ ಶಾಲೆಯ ಮುಂದೆ ಊರಿಗೆ ಊರೇ ನೆರೆದಿತ್ತು. ನನ್ನ ಸಭೆಗೆ ಇಷ್ಟು ಜನ ಬಂದದ್ದು ಇದೇ ಮೊದಲು ಎಂದು ಖುಷಿಪಟ್ಟೆ. ಹತ್ತಿರ ಹೋದ ಮೇಲೆ ಅವರ ಕೈಯಲ್ಲಿ ದೊಣ್ಣೆಗಳು ಕಂಡವು.

ನಡೆದದ್ದು ಇಷ್ಟು. ಊರಿನ ಒಬ್ಬ ಅಜ್ಜಿಯ ಹಸುವನ್ನು ಹುಲಿ ಹಿಡಿದಿತ್ತು. ಬೋನು ಇಡಿ ಎಂದು ಕೇಳಿ ಕೇಳಿ ಸಾಕಾಗಿ, ಬೆಳಿಗ್ಗೆ ಹೆಜ್ಜೆ ಗುರುತು ನೋಡಲು ಬಂದ ಅರಣ್ಯ ಇಲಾಖೆಯ ವಾಚರನ್ನು ಶಾಲೆಯ ಕೋಣೆಗೆ ಹಾಕಿ ಬೀಗ ಜಡಿದಿದ್ದರು. ಬೋನು ಬರುವವರೆಗೆ ಅವನು ಹೊರಗೆ ಬರುವಂತಿಲ್ಲ. ವಾಚರ್ ಪಕ್ಕದ ಊರಿನವನೇ, ನಲವತ್ತರ ಮನುಷ್ಯ, ಕಿಟಕಿಯ ಸರಳು ಹಿಡಿದು ನಿಂತಿದ್ದ.

ಜನರ ಮುಖ ಕೆಂಪಾಗಿತ್ತು. ಕೆಲವರು ಅವನೂ ಬಿಸಿಲು ಕಾಯಲಿ ಎಂದು ಕೋಣೆಯ ಹೆಂಚು ತೆಗೆಯುವ ಮಾತಾಡುತ್ತಿದ್ದರು. ನಾವು ಹೊರಡೋಣ ಎಂದು ಕಾಂಪೌಂಡರ್‌ಗೆ ಕಣ್ಸನ್ನೆ ಮಾಡಿದೆ. ಅಷ್ಟರಲ್ಲಿ ವಾಚರ್ ನನ್ನನ್ನು ನೋಡಿದ.

"ಮೇಷ್ಟ್ರಾ? ಇವತ್ತು ನಿಮ್ಮ ಸಭೆ ಇತ್ತಲ್ವಾ? ವಿಷಯ ಏನು ಸಾರ್?"

ಹೇಳದೆ ಇರಲು ನೋಡಿದೆ. ಎಲ್ಲರೂ ನನ್ನ ಕಡೆ ತಿರುಗಿದ್ದರು. "ಸ್ವಾತಂತ್ರ್ಯ ಎಂದರೇನು" ಎಂದೆ.

ದೊಣ್ಣೆ ಹಿಡಿದವನೊಬ್ಬ ಮುಖ ತಿರುಗಿಸಿಕೊಂಡು ನಕ್ಕ. ವಾಚರ್ ಮಾತ್ರ ನಗಲಿಲ್ಲ.

"ನಾನೂ ಮಾತಾಡ್ಬೋದಾ ಸಾರ್?"

"ಎಲ್ಲರೂ ಮಾತಾಡಬಹುದು."

"ನನ್ನ ಬೆಳಗ್ಗೆ ಕೂಡಾಕವ್ರೆ. ಸರಿ. ಈ ಅಜ್ಜಿ ಪಾಪ, ಕಿಟಕೀಲಿ ಮುದ್ದೆ ಉಪ್ಸಾರು ಕೊಟ್ರು, ಉಂಡೆ. ಒಂದು ನಿದ್ದೆನೂ ಮಾಡ್ದೆ. ನನ್ನ ಕಾಯ್ಕಂಡು ಇಷ್ಟು ಜನ ಬಿಸ್ಲಲ್ಲಿ ನಿಂತವ್ರೆ. ಅವರದು ಊಟ ಇಲ್ಲ, ಕೆಲಸ ಇಲ್ಲ. ಈಗ ಯಾರು ಯಾರನ್ನ ಕೂಡಾಕಿರೋದು?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರು ದೊಣ್ಣೆ ಕೆಳಗಿಟ್ಟು ಕೂತರು. ಅಜ್ಜಿ ಬಂದು ಕಿಟಕಿಯ ಹತ್ತಿರ ನಿಂತಳು. "ಹುಲಿಗೆ ಕಾಡಲ್ಲಿ ಓಡಾಡೋ ಸ್ವತಂತ್ರ ಅದೆ ಅಂತೀರಿ. ನನ್ನ ಹಸಕ್ಕೆ ಮೇಯೋ ಸ್ವತಂತ್ರ ಇರ್ಲಿಲ್ವಾ ಮಗ?" ಎಂದು ಕೇಳಿದಳು. ವಾಚರ್ ತಲೆ ತಗ್ಗಿಸಿ, "ಇತ್ತು ಕಣಜ್ಜಿ" ಎಂದ. ಅವತ್ತು ಆ ಕಿಟಕಿಯ ಒಳಗೂ ಹೊರಗೂ ನಡೆದಂಥ ಮಾತುಕತೆ ನನ್ನ ಮೂವತ್ತು ವರ್ಷದ ತರಗತಿಯಲ್ಲಿ ನಡೆದಿರಲಿಲ್ಲ.

ಹೊತ್ತು ಇಳಿಯುವಾಗ ವಾಚರ್‌ಗೆ ಫೋನ್ ಬಂತು. ಬೋನು ಹೊತ್ತ ಜೀಪು ಹೊರಟಿದೆ, ಇನ್ನೊಂದು ಗಂಟೆಯಲ್ಲಿ ಬರುತ್ತದೆ. ಜನರ ಮುಖ ಸಡಿಲವಾಯಿತು. ಅಜ್ಜಿಯೇ ಬೀಗ ತೆಗೆಸಿದಳು. "ಹೋಗು ಮಗ, ಮನೆಗೋಗು."

ಬಾಗಿಲು ತೆರೆದಿತ್ತು. ವಾಚರ್ ಹೊಸಿಲವರೆಗೆ ಬಂದು, ಕಾಡಿನ ಕಡೆ ಒಂದು ಸಲ ನೋಡಿ, ಹಿಂದಕ್ಕೆ ಸರಿದ.

"ಜೀಪು ಬರೋಗಂಟ ಬರಲ್ಲ ಅಜ್ಜಿ. ಹುಲಿ ಇನ್ನೂ ಹೊರಗೇ ಅದೆ" ಎಂದವನೇ ಬಾಗಿಲು ಹಾಕಿ ಒಳಗಿನಿಂದ ಚಿಲಕ ಹಾಕಿಕೊಂಡ.

ಜನ ಚದುರಿ ತಂತಮ್ಮ ಮನೆ ಸೇರಿದರು. ಶಾಲೆಯ ಮುಂದೆ ನಾನೊಬ್ಬನೇ ಉಳಿದೆ, ಬೈಕ್ ಇತ್ತು, ಕಾಂಪೌಂಡರ್ ಇರಲಿಲ್ಲ. ಬೇಲಿಯಾಚೆ ಏನೋ ಸರಕ್ಕೆಂದಿತು. ಬಾಗಿಲು ತಟ್ಟಿದೆ, ಮತ್ತೆ ತಟ್ಟಿದೆ. ಚಿಲಕ ತೆಗೆದದ್ದು ವಾಚರ್ ಅಲ್ಲ, ನಮ್ಮ ಕಾಂಪೌಂಡರ್.

"ಬೇಗ ಬನ್ನಿ ಮೇಷ್ಟ್ರೇ. ನೀವು ಇನ್ನೂ ಯೋಚನೆ ಮಾಡ್ತಾ ನಿಂತಿರ್ತೀರಿ ಅಂತ ನಂಗೆ ಗೊತ್ತಿತ್ತು."